ಏಳನೆಯ ಪೇಜು

ನನ್ನ ಕೈಯಲ್ಲಿ ಏಳು ಅಂಗಡಿಗಳ ಪಾಸ್‌ವರ್ಡು ಉಂಟು.
ಹಂಪನಕಟ್ಟೆಯ ಐಸ್‌ಕ್ರೀಮು, ಬಿಜೈಯ ಜಿಮ್ಮು,
ಸೀರೆಗೆ ಕುಚ್ಚು ಕಟ್ಟುವ ಸುರತ್ಕಲ್ಲಿನ ಅಕ್ಕ...
ಇವರದ್ದೆಲ್ಲ ಸಲೀಸು. ಬಣ್ಣ ಇರುತ್ತದೆ, ನಗು ಇರುತ್ತದೆ,
ಹಾಡೊಂದು ಹಚ್ಚಿದರೆ ತಾನೇ ಓಡುತ್ತದೆ.

ಏಳನೆಯದು ಜೆಪ್ಪುವಿನ ಲಿಗೋರಿ ಪೊರ್ಬುಗಳದ್ದು.
ಶವಪೆಟ್ಟಿಗೆ ಮಾಡುತ್ತಾರೆ.

"ಎಲ್ಲರದ್ದೂ ಉಂಟಂತೆ, ನಮ್ಮದೂ ಇರಲಿ"
ಎಂದರು, ಎರಡು ಸಾವಿರ ಎಣಿಸಿ ಕೊಟ್ಟು
ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು.

ಎಂತ ಹಾಕುವುದು ಮಾರಾಯ್ರೆ?
"ಮತ್ತೆ ಬನ್ನಿ" ಅನ್ನುವ ಹಾಗಿಲ್ಲ.
"ಸ್ನೇಹಿತರನ್ನು ಟ್ಯಾಗ್ ಮಾಡಿ" ಅಂದರೆ ಪೆಟ್ಟು ಬೀಳುತ್ತದೆ.
ಸೋಮವಾರದ ಆಫರು, ಇನ್ನೆರಡೇ ದಿನ,
ನನ್ನ ಬತ್ತಳಿಕೆಯ ಮಾತುಗಳೆಲ್ಲ
ಈ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಸುಮ್ಮನೆ ನಿಂತವು.

ಮೊದಲ ವಾರ ಹಲಗೆಯ ಫೋಟೊ. ನಲವತ್ತು ಮಂದಿ ನೋಡಿದರು,
ಯಾರೂ ಹೃದಯ ಒತ್ತಲಿಲ್ಲ.
ಮೊಂತಿ ಹಬ್ಬಕ್ಕೆ ಹೂವಿಟ್ಟು ಶುಭಾಶಯ ಹಾಕಿದೆ.
"ನಿಮ್ಮ ಶುಭಾಶಯ ಬೇಡ" ಎಂದು ಒಬ್ಬ ಬರೆದ.
ಪೊರ್ಬುಗಳಿಗೆ ಓದಿ ಹೇಳಿದರೆ ನಕ್ಕರು,
ನಕ್ಕು ಕೆಮ್ಮಿದರು, ಮೀಸೆಯಿಂದ ಮರದ ಹುಡಿ ಹಾರಿತು.

ಆಮೇಲೆ ಕೈ ಮಾತ್ರ ತೋರಿಸಿದೆ.
ಉಜ್ಜುಕಾಗದ ಹಿಡಿದ ಕೈ. ಒಳಮೈಯನ್ನೂ,
ಯಾರೂ ಬಗ್ಗಿ ನೋಡದ ತಳದ ಮೂಲೆಯನ್ನೂ
ಉಜ್ಜುತ್ತದೆ, ಸವರಿ ನೋಡುತ್ತದೆ, ಮತ್ತೆ ಉಜ್ಜುತ್ತದೆ.
"ಒಳಗೆ ಯಾಕೆ? ಬಿಳಿ ಬಟ್ಟೆ ಹೊದೆಸುತ್ತೀರಲ್ಲ?"
ಅವರು ಉತ್ತರ ಕೊಡಲಿಲ್ಲ. ವಿಡಿಯೊ ಓಡುತ್ತಲೇ ಇತ್ತು.
ಹಾಡು ಹಾಕಲಿಲ್ಲ, ಹಾಗೇ ಬಿಟ್ಟೆ:
ಸರ್ ಸರ್ ಸದ್ದು, ನನ್ನ ಪ್ರಶ್ನೆ,
ಮಹಾಕಾಳಿಪಡ್ಪುವಿನ ಗೇಟಿನಲ್ಲಿ ರೈಲು.

ರಾತ್ರಿ ಮೂರಕ್ಕೆ ಕುವೈತಿನಿಂದ ಮೆಸೇಜು:
"ಜೂನಿನಲ್ಲಿ ಮಮ್ಮಿಗೆ ನೀವೇ ಮಾಡಿದ್ದು.
ನನಗೆ ಬರಲಿಕ್ಕಾಗಲಿಲ್ಲ.
ಅದೂ ಒಳಗೆ ಹೀಗೆ ನುಣುಪಿತ್ತಾ?"

ಏಳೂ ಪೇಜಿಗೆ ಒಂದೇ ಸಿದ್ಧ ಉತ್ತರ ಇಟ್ಟಿದ್ದೆ.
ಸಂಪರ್ಕಿಸಿದ್ದಕ್ಕೆ ಧನ್ಯವಾದ, ಜೊತೆಗೊಂದು ನಗುಮುಖ.
ನಾನು ಕಣ್ಣು ಬಿಡುವಷ್ಟರಲ್ಲಿ
ಅದು ತಾನಾಗಿ ಹೋಗಿಬಿಟ್ಟಿತ್ತು.

ಬೆಳಿಗ್ಗೆ ಪೊರ್ಬುಗಳು ಹಳೆಯ ಪುಸ್ತಕ ತೆಗೆದರು.
ಜೂನ್ ಹನ್ನೊಂದು, ಐದಡಿ ಒಂದಿಂಚು, ಹಲಸು.
ಹೆಸರಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಇದ್ದರು.
"ಇತ್ತು ಅಂತ ಬರಿ ಮಗಾ.
ಮಳೆ ಇತ್ತು, ಹಲಗೆ ಹಸಿ, ಎರಡು ದಿನದ ಕೆಲಸ
ಒಂದು ರಾತ್ರಿಯಲ್ಲಿ. ಅದೆಲ್ಲ ಬೇಡ. ಇತ್ತು ಅಂತ ಬರಿ."

ಇತ್ತು, ಎಂದು ಬರೆದೆ.
ಹೂವಿಲ್ಲ, ಕೈಮುಗಿದ ಚಿತ್ರವಿಲ್ಲ.
ಎರಡು ನೀಲಿ ಗೀರು ಮೂಡುವವರೆಗೆ ಕಾದೆ.

ಅಷ್ಟರಲ್ಲಿ ಐಸ್‌ಕ್ರೀಮಿನವರ ಫೋನು:
ಗಂಟೆ ಹನ್ನೊಂದಾಯಿತು, ಇವತ್ತಿನದ್ದು ಇನ್ನೂ ಹಾಕಲಿಲ್ಲವಾ?