ಅವಳ ಜೇಬು ನಾನು ಹೊಲಿದದ್ದು

ನೆರಿಸ್ ಪ್ರೋಬರ್ಟಳ ಎದೆಯಳತೆ ಮೂವತ್ತೆಂಟೂ ಕಾಲು.
ಸೊಂಟ, ಹೇಳಬಾರದು.
ಹದಿನಾಲ್ಕು ಸಿನಿಮಾಗಳಲ್ಲಿ ಅವಳು ಯಾರು ಯಾರೋ ಆದಳು,
ನಾನು ಮಾತ್ರ ಟೇಪು ಹಿಡಿದು
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು
ಅವಳ ಬೆನ್ನ ಹಿಂದೆ ಮಾತಿಲ್ಲದೆ ನಿಂತವಳು.

ಮೊದಲು ಗಣಿಯಲ್ಲಿ ಗಂಡನನ್ನು ಕಳೆದುಕೊಂಡವಳು:
ಕಪ್ಪು ಉಣ್ಣೆ, ಒಳಗೆ ಅಸ್ತರಿಲ್ಲ.
ಬಡವರಿಗೆಲ್ಲಿಯ ಅಸ್ತರು ಅಂದಿದ್ದ ನಿರ್ದೇಶಕ.
ಕುತ್ತಿಗೆ ತುಂಬ ಗಂದೆ ಎದ್ದರೂ
ಒಂಬತ್ತು ಸಲ ಅತ್ತಳು, ಒಂಬತ್ತೂ ಬೇರೆ ಬೇರೆ.
ಆಮೇಲೆ ಪೊಲೀಸ್ ಇನ್‌ಸ್ಪೆಕ್ಟರ್,
ಹೆಣದ ಪಕ್ಕ ನಿಂತು ಸ್ಯಾಂಡ್‌ವಿಚ್ ತಿನ್ನುವವಳು.
ಆಮೇಲೆ ಹಲ್ಲುನೋವಿನ ರಾಣಿ.
ಆಮೇಲೆ ದೀಪಸ್ತಂಭದಲ್ಲಿ ಒಬ್ಬಳೇ ಇದ್ದೂ ಹುಚ್ಚಾಗದವಳು;
ಆ ಪಾತ್ರಕ್ಕೆ ಬಹುಮಾನ ಬರಲಿಲ್ಲ,
ಹುಚ್ಚಾಗಿದ್ದರೆ ಬರುತ್ತಿತ್ತು ಅನ್ನುತ್ತಾಳೆ.
ನಲವತ್ತಾರು ತುಂಬಿದ್ದೇ ತಡ
ತನಗಿಂತ ಆರೇ ವರ್ಷ ಚಿಕ್ಕವನಿಗೆ ತಾಯಿ.
ಆ ಕಾರ್ಡಿಗನ್ನಿಗೆ ಗಂಜಿಯ ಬಣ್ಣ.
ನಾನೇ ಆರಿಸಬೇಕಾಯಿತು, ಕ್ಷಮಿಸಲಿ.

ಪ್ರತಿ ಉಡುಪಿಗೂ ಅವಳದೊಂದೇ ಹಟ:
ಜೇಬು.
ರಾಣಿಗೆ ಎಲ್ಲಿಯ ಜೇಬು, ಇತಿಹಾಸ ಬಲ್ಲವರು ನಕ್ಕರು.
ಬಲತೊಡೆಯ ನೆರಿಗೆಯೊಳಗೆ
ಕ್ಯಾಮೆರಾಕ್ಕೆ ಕಾಣದ ಹಾಗೆ
ಐದು ಬೆರಳು ಮುಳುಗುವಷ್ಟು ಆಳದ ಸಂಚಿ ಹೊಲಿದೆ.
ಯಾಕೆಂದು ಕೇಳಿದ್ದು ನಾಲ್ಕನೆಯ ಸಿನಿಮಾದಲ್ಲಿ.
"ಕೈ ನಡುಗುತ್ತದೆ" ಅಂದಳು.
"ಮುಖ ಹೇಳಿದ ಮಾತು ಕೇಳುತ್ತದೆ, ಕೈ ಕೇಳುವುದಿಲ್ಲ."

ಆ ದಿನ ನಾನೂ ಒಂದು ಹೇಳಿದೆ.
ಉಳ್ಳಾಲದಲ್ಲಿ ಮರುವಾಯಿ ಹೆಕ್ಕಿ ಮಾರುತ್ತಿದ್ದ ನನ್ನಜ್ಜಿಯ
ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ಗಂಟು,
ಚಿಲ್ಲರೆ ಇದ್ದ ದಿನವೂ, ಇಲ್ಲದ ದಿನವೂ.
ದಲ್ಲಾಳಿಯ ಎದುರು ದರ ಹೇಳುವಾಗ
ಅದನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದಳು.
ಒಳಗೆ ಬರೀ ಗಾಳಿ. ದಲ್ಲಾಳಿಗೆ ಗೊತ್ತಿರಲಿಲ್ಲ.
ನೆರಿಸ್ ಗಂಟು, ಗಂಟು ಅಂತ ಹೇಳಿ ನೋಡಿದಳು;
ಟಕಾರ ಅವಳ ನಾಲಿಗೆಯಲ್ಲಿ ಮಡಚಲಿಲ್ಲ.

ಕಳೆದ ಗುರುವಾರ ಸ್ವಾನ್‌ಸೀಯ ಪುರಭವನದಲ್ಲಿ ಅವಳ ಸಂವಾದ.
ಹೊರಗೆ ಇಳಿತದ ಕಡಲು ಎಲ್ಲೋ ಹಿಂದೆ ಸರಿದಿತ್ತು,
ಹಸಿ ಮರಳಿನ ಮೇಲೆ ಬರೀ ನಾಯಿಗಳು.
ಹಸಿರು ರೇಷ್ಮೆಯ ಗೌನು, ಬೆಳಿಗ್ಗೆಯಷ್ಟೇ ಒಂದಿಂಚು ಬಿಚ್ಚಿದ್ದೆ.
ಮೂರನೇ ಸಾಲಲ್ಲಿ ಕೂತು ಹೊಲಿಗೆಯನ್ನೇ ನೋಡುತ್ತಿದ್ದೆ.
ಒಬ್ಬ ಹುಡುಗಿ, ಶಾಲೆಯ ಕೋಟು, ತೋಳು ಉದ್ದ,
ಮೈಕು ಹಿಡಿದು ಕೇಳಿದಳು:
"ಹೆಂಗಸರಿಗೆ ಆತ್ಮವಿಶ್ವಾಸ ಎಲ್ಲಿಂದ ಬರುತ್ತದೆ, ಮಿಸ್?"

ಈಗ ಬರುತ್ತದೆ ಆ ಹಳೆಯ ಉತ್ತರ ಅಂದುಕೊಂಡೆ,
ಕನ್ನಡಿ, ನಿನ್ನನ್ನು ನೀನು ಪ್ರೀತಿಸು, ಇತ್ಯಾದಿ,
ಪತ್ರಿಕೆಗಳಿಗೆ ಅವಳೇ ಹತ್ತು ಸಲ ಕೊಟ್ಟದ್ದು.
ನೀರಿನ ಲೋಟ ಕೆಳಗಿಟ್ಟಳು.
"ನನ್ನ ಹತ್ತಿರ ಅದು ಇಲ್ಲ" ಅಂದಳು.
"ಜೇಬಿದೆ."
ಎದ್ದು ನಿಂತು ಎಲ್ಲರ ಮುಂದೆ ಎಳೆದಳು:
ಬಿಳಿ ಕಾಟನ್ನು ಮೊಲದ ಕಿವಿಯ ಹಾಗೆ ಜೋತುಬಿತ್ತು.
ನನ್ನ ಒರಟು ಒಳಹೊಲಿಗೆ ಅಷ್ಟು ಬೆಳಕಿನಲ್ಲಿ.
ನಾಚಿಕೆಯಾಯಿತು. ಓವರ್‌ಲಾಕ್ ಮಾಡಿರಲಿಲ್ಲ.
"ನಡುಕ ನಿಂತ ಮೇಲೆ ಮಾತಾಡೋಣ ಅಂತ ಕಾಯಬೇಡ, ಮಗಳೇ.
ಅದು ನಿಲ್ಲುವುದಿಲ್ಲ.
ಕೈಗೊಂದು ಜಾಗ ಮಾಡಿಕೊಟ್ಟು ಬಾಯಿ ತೆರೆ."
ಚಪ್ಪಾಳೆ.
ಅಜ್ಜಿಯ ಮಾತು ಬರಲಿಲ್ಲ. ನನ್ನದೂ.

ಮರುದಿನದ ಪತ್ರಿಕೆಯಲ್ಲಿ ನಟಿಯ ಗುಟ್ಟಿನ ಜೇಬು.
ಪಕ್ಕದಲ್ಲೇ ಇನ್ಯಾರದೋ ಅಂಕಣ:
ಆ ವಯಸ್ಸಿಗೆ ಗೌನು ಬಿಗಿಯಾಯಿತು.
ಬಿಗಿಯಾಗಿರಲಿಲ್ಲ. ಅಳೆದವಳು ನಾನು.

ನಮ್ಮಲ್ಲಿ ಅದಕ್ಕೆ ಎದೆಗಾರಿಕೆ ಅನ್ನುತ್ತೇವೆ ಎಂದು
ಅವಳಿಗೆ ಹೇಳಬೇಕೆಂದಿದ್ದೆ.
ಎದೆಯೇನೋ ಸರಿ, ಮೂವತ್ತೆಂಟೂ ಕಾಲು, ಬರೆದಿಟ್ಟಿದ್ದೇನೆ;
ಗಾರಿಕೆಯನ್ನು ಯಾವ ತುದಿಯಿಂದ ಹಿಡಿದು ಅಳೆಯುವುದು?
ಶನಿವಾರ ಬಂದಳು. ಮಾತಿಗಲ್ಲ.
ಮಾರುಕಟ್ಟೆಯಿಂದ ಬೇಯಿಸಿದ ಮರುವಾಯಿಯ ಪೊಟ್ಟಣ,
ವಿನೆಗರು ಸೋರುತ್ತಿರುವುದನ್ನು ಹಾಗೇ ನನ್ನ ಮೇಜಿನ ಮೇಲಿಟ್ಟು
"ನಿನ್ನ ಕೋಟಿಗೆ ಜೇಬಿದೆಯಾ?" ಅಂದಳು.

ನೋಡಿದೆ. ಎಡಗಡೆಯದು
ಅಂಗಡಿಯಿಂದ ತಂದಾಗ ಇದ್ದ ಹಾಗೆಯೇ
ಹೊಲಿದು ಮುಚ್ಚಿತ್ತು.
ಏಳು ಚಳಿಗಾಲ ತೊಟ್ಟ ಕೋಟು.