ಉಳಿದ ಎರಡು ಮೂಳೆ

ಮರವಂತೆಯ ಮರಳಿಗೆ ಬಂದು ಬಿದ್ದ ಡಾಲ್ಫಿನ್
ಬೂತಾಯಿ ಬಂಗುಡೆಗಳ ಜೊತೆ ಐಸಿನ ಮೇಲೆ ಮಲಗಿ
ಹುಲಿಕಲ್ ಘಾಟಿ ಹತ್ತಿ ಶಿವಮೊಗ್ಗಕ್ಕೆ ಬಂತು.
ಪಶುವೈದ್ಯ ಕಾಲೇಜಿನ ಗೇಟಿನಲ್ಲಿ ವಾಚ್‌ಮನ್
ರಿಜಿಸ್ಟರಿಗೆ ಏರಿಸಿದ:
ಮೀನು, ದೊಡ್ಡದು, ಒಂದು.

ನಮ್ಮ ವಿಭಾಗದ ಹುಚ್ರಾಯಪ್ಪ
ಮೂವತ್ತೊಂದು ವರ್ಷದಿಂದ ಮೂಳೆ ಬೇಯಿಸುವವನು.
ಎಮ್ಮೆ, ಕುದುರೆ, ಸಕ್ರೆಬೈಲಿನ ಮುದಿ ಆನೆಯ ಒಂದು ಕಾಲು,
ಎಲ್ಲವೂ ಅವನ ಹಂಡೆಯಲ್ಲಿ ಕುದ್ದು
ಬೆಳ್ಳಗಾಗಿ, ತಂತಿ ಪೋಣಿಸಿಕೊಂಡು
ಮತ್ತೆ ಎದ್ದು ನಿಂತಂಥವು.

ಮೂರನೇ ದಿನ ಬೆನ್ನಿನ ಮಣಿಗಳನ್ನು
ಸಿಮೆಂಟು ನೆಲದ ಮೇಲೆ ಸಾಲಾಗಿಡುತ್ತ ಅವನೆಂದ:
"ಮೀನಿನ ಬೆನ್ನು ಹಾವಿನ ಥರ ಪಕ್ಕಕ್ಕೆ ಬಳುಕ್ತದೆ ಮೇಡಂ.
ಇದು ಮೇಲೆ ಕೆಳಗೆ ಬಗ್ಗೋ ಬೆನ್ನು.
ಇದು ಓಡ್ತಿದ್ದದ್ದು."

ಅಷ್ಟನ್ನು ಹೇಳಲು ನನ್ನ ಪುಸ್ತಕಕ್ಕೆ
ನಾಲ್ಕು ಪುಟ ಬೇಕಾಗಿತ್ತು.

ಈಜುರೆಕ್ಕೆಯ ಒಳಗಿಂದ ಐದು ಬೆರಳು ಬಂದವು.
ಪಕ್ಕದಲ್ಲಿ ಅವನು ತನ್ನ ಎಡಗೈ ಇಟ್ಟ.
ಅದರಲ್ಲಿರುವುದು ನಾಲ್ಕು;
ಒಂದನ್ನು ಎಂದೋ ಗರಗಸ ಇಟ್ಟುಕೊಂಡಿದೆ.
"ನನಗಿಂತ ಅದೇ ವಾಸಿ," ಅಂದ.

ಎಲ್ಲ ಕೂಡಿಸಿ ಮುಗಿದ ಮೇಲೆ
ಹಳೇ ಪೇಪರಿನ ಮೇಲೆ ಎರಡು ಉಳಿದವು.
ಬೆರಳುದ್ದ, ತುಸು ಸೊಟ್ಟ.
ಗಡಿಯಾರ ಬಿಚ್ಚಿ ಜೋಡಿಸಿದವನು
ಕೈಯಲ್ಲುಳಿದ ತಿರುಪನ್ನು ನೋಡುವಂತೆ
ಅವನು ಅವನ್ನು ತಿರುಗಿಸಿ ತಿರುಗಿಸಿ ನೋಡಿದ.
"ಎಲ್ಲಿಗೆ ಮೇಡಂ ಇವು?"
"ಸೊಂಟ."
"ಕಾಲು?"
"ಇಲ್ಲ."
"ಕಾಲಿಲ್ಲದ್ದಕ್ಕೆ ಸೊಂಟ ಯಾತಕ್ಕೆ?"

ಹೇಳತೊಡಗಿದೆ. ಐದು ಕೋಟಿ ವರ್ಷದ ಹಿಂದೆ,
ಹಿಮಾಲಯ ಇನ್ನೂ ಏಳದಿದ್ದಾಗ, ಬಡಗಣ ಹೊಳೆಯೊಂದರ ಅಂಚಿಗೆ
ಅಗೋ ಆ ಗಾಜಿನ ಪೆಟ್ಟಿಗೆಯಲ್ಲಿರುವ ಬರ್ಕದಷ್ಟೇ ಒಂದು ಪ್ರಾಣಿ.
ಗೊರಸು, ಸಣ್ಣ ಮೈ, ದೊಡ್ಡ ಭಯ.
ಇದರ ಅಜ್ಜಿಯಲ್ಲ, ಅಜ್ಜಿಯ ತಂಗಿ ಅನ್ನು.
ಮೇಲಿಂದ ನೆರಳು ಬಿದ್ದಾಗ ನೀರಿಗೆ ಹಾರಿ
ಉಸಿರು ಬಿಗಿಹಿಡಿದು ತಳದಲ್ಲಿ ನಡೆಯುತ್ತಿತ್ತು.
ಅಂಥವರ ಮನೆತನದಲ್ಲೇ ಯಾರೋ ಒಬ್ಬರು
ನೆರಳು ಹೋದಮೇಲೂ ದಡ ಹತ್ತಲಿಲ್ಲ.

ಹುಚ್ರಾಯಪ್ಪ ಬೀಡಿ ಆರಿಸಿದ.
"ಹೆದರಿ ಉಳಿದದ್ದೋ, ಹಿಡಿಸಿ ಉಳಿದದ್ದೋ?"

ಮೂಳೆ ಅದನ್ನು ಹೇಳುವುದಿಲ್ಲ. ನಾನೂ ಹೇಳಲಿಲ್ಲ.
ಕಿಟಕಿಯಾಚೆ ಕಾಲೇಜಿನ ಎಮ್ಮೆಗಳು ಹೊಂಡದಲ್ಲಿದ್ದವು,
ಮೂಗಿನ ಹೊಳ್ಳೆ ಮಾತ್ರ ಹೊರಗೆ.
ಹಾಲು ಕರೆಯುವವನು ಆಗಲೇ ಎರಡು ಸಲ ಕೂಗಿದ್ದ.

ಇದ್ದುದರಲ್ಲೇ ಸಣ್ಣ ತಂತಿ ಆರಿಸಿ
ಅವನು ಆ ಎರಡನ್ನೂ ಬೆನ್ನಿನ ಕೆಳಗೆ
ಯಾವುದಕ್ಕೂ ತಾಗದ ಹಾಗೆ ತೂಗುಬಿಟ್ಟ.
ಫ್ಯಾನ್ ಹಾಕಿದರೆ ಅವೆರಡೇ ಅಲ್ಲಾಡುತ್ತವೆ,
ಹೆಜ್ಜೆಯ ಲೆಕ್ಕ ಮರೆಯದವರ ಹಾಗೆ.

ಮರುದಿನ ಗೇಟಿನಲ್ಲಿ ಸಹಿ ಹಾಕುವಾಗ ನೋಡಿದೆ.
'ಮೀನು' ಅಂತಿದ್ದಲ್ಲಿ ಗೀಟು ಎಳೆದು
ಮೇಲೆ ಬರೆದಿತ್ತು: ಜಾನುವಾರು, ಒಂದು. ಕಾಲು ಇಲ್ಲ.
ಅದರ ಕೆಳಗೆ, ಬೇರೆ ಶಾಯಿಯಲ್ಲಿ,
ನಾಲ್ಕು ಬೆರಳಿನ ಕೈ ಕಾಗದವನ್ನು ಒತ್ತಿಹಿಡಿದ ಗುರುತಿನ ಪಕ್ಕ:
ಸೊಂಟ ಇದೆ.