ಹನ್ನೊಂದು ಸೆಕೆಂಡು

ಗೋಡೆ ತುಂಬ ದೋಹಾ.
ಸಾಲ್ವಾ ರಸ್ತೆ ಎಡದಿಂದ ಬಲಕ್ಕೆ ಹಸಿರು, ಹಳದಿ,
ಆಮೇಲೆ ಕಂದುಗೆಂಪು, ಒಣಗಿದ ಗಾಯದ ಹಾಗೆ.
ಹೊರಗೆ ನಲವತ್ತೈದು ಡಿಗ್ರಿ. ಒಳಗೆ ನನಗೆ ಸ್ವೆಟರು.
ಸಂಜೆ ಐದೂ ಮುಕ್ಕಾಲು.

ಪರದೆಯ ಮೂಲೆಯಲ್ಲಿ ಸಲಹೆ ಬಂದು ಕೂರುತ್ತದೆ,
ಕರೆಯದೆ ಬಂದ ನೆಂಟನ ಹಾಗೆ:
ಜಂಕ್ಷನ್ ಮೂವತ್ತೇಳು. ಎಡ ತಿರುವಿನ ಹಸಿರು
ಹನ್ನೊಂದು ಸೆಕೆಂಡು ಇಳಿಸಿ. ನೇರ ಹೋಗುವವರಿಗೆ ಕೊಡಿ.
ಒಟ್ಟು ವಿಳಂಬ ಶೇಕಡಾ ಆರು ಕಡಿಮೆಯಾಗಲಿದೆ.
ಕೆಳಗೆ ಎರಡು ಗುಂಡಿ. ಒಪ್ಪಿದೆ. ಬೇಡ.
‘ಒಪ್ಪಿದೆ’ ಸ್ವಲ್ಪ ದೊಡ್ಡದಾಗಿಯೇ ಇದೆ.

ನಾಲ್ಕು ವರ್ಷ ಒಪ್ಪಿದ್ದೇನೆ. ಅದು ತಪ್ಪುವುದಿಲ್ಲ.
ರಂಜಾನಿನಲ್ಲಿ, ಬಾಂಗಿಗೆ ಇಪ್ಪತ್ತು ನಿಮಿಷ ಇರುವಾಗ
ಇಡೀ ಊರು ಒಂದೇ ಸಲ ಮನೆಗೆ ಹೊರಡುವುದು
ನನಗಿಂತ ಮೊದಲು ಅದಕ್ಕೆ ಗೊತ್ತಿತ್ತು.
ಸುಡಾನಿನ ಇಂಜಿನಿಯರ್ ತಯ್ಯಿಬ್ ಅದನ್ನು ಮಗಳು ಅನ್ನುತ್ತಾನೆ.
ಅವಳಿಗೆ ನಿದ್ದೆಯಿಲ್ಲ, ಸಿಟ್ಟಿಲ್ಲ,
ಊರಿಗೆ ದುಡ್ಡು ಕಳಿಸುವ ತಾರೀಖಿಲ್ಲ.

ಆದರೆ ಈ ತಿರುವು ಸನಯ್ಯಾಕ್ಕೆ ಹೋಗುವುದು.
ಕ್ಯಾಮೆರಾ ಹತ್ತಿರ ಎಳೆದೆ.
ಬಿಳಿ ಬಸ್ಸು, ಹಿಂದೆ ಬಿಳಿ ಬಸ್ಸು, ಅದರ ಹಿಂದೆ
ಚೌಕಟ್ಟು ಮುಗಿಯುವ ತನಕ ಬಿಳಿ ಬಸ್ಸು.
ಬಿಸಿಲು ಬೀಳುವ ಕಿಟಕಿಗೆಲ್ಲ ಟವಲು.
ಗಾಜಿಗೆ ಒರಗಿದ ತಲೆಗಳು ಎಂಜಿನ್ನಿನ ಜೊತೆ ನಡುಗುತ್ತವೆ.

ಟಾರಿನ ಕೆಳಗೊಂದು ತಂತಿ ಇದೆ.
ಮೇಲೆ ನಿಂತ ಕಬ್ಬಿಣವನ್ನು ಅದು ಎಣಿಸುತ್ತದೆ.
ಒಬ್ಬನೇ ಕೂತ ಲ್ಯಾಂಡ್ ಕ್ರೂಸರ್, ಒಂದು.
ಬಸ್ಸು ಎರಡು, ಯಾಕೆಂದರೆ ಉದ್ದ ಇದೆ.
ಉದ್ದಕ್ಕೆ ಲೆಕ್ಕ, ಒಳಗಿನವರಿಗಲ್ಲ.
ಚಿಕ್ಕವರನ್ನು ಕಬಡ್ಡಿಗೆ ಸೇರಿಸಿಕೊಂಡು ಹೇಳುತ್ತಿದ್ದೆವಲ್ಲ,
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಎರಡು ವರ್ಷ ನಾಲ್ಕು ತಿಂಗಳು ಆ ಸೀಟಿನಲ್ಲಿ ನಾನಿದ್ದೆ,
ಸರ್ವೇಯವರ ಕೋಲು ಹಿಡಿಯುವವ.
ರೆಕ್ಸಿನ್ನು ತೊಡೆಗೆ ಅಂಟುವುದು ಗೊತ್ತು.
ಬೂಟಿನೊಳಗೆ ಬೆಳಗಿನ ಬೆವರು ಸಂಜೆಗೆ ಬೇರೆ ವಾಸನೆ.
ಒಂದು ಹಸಿರು ತಪ್ಪಿದರೆ ಕ್ಯಾಂಪಿನ ಸ್ನಾನದ ಸಾಲಿನಲ್ಲಿ
ಎಷ್ಟು ಜನರ ಹಿಂದಾಗುತ್ತೇವೆ,
ಆ ಮಗ್ಗಿ ನನಗೆ ಬಾಯಿಪಾಠ.

‘ಬೇಡ’ ಒತ್ತಿದೆ.
ಕಾರಣ ಕೇಳಿತು. ಅಪಘಾತ, ಆಂಬುಲೆನ್ಸ್,
ಗಣ್ಯರ ವಾಹನ, ಧೂಳುಗಾಳಿ, ಇತರೆ.
ಇತರೆಯಲ್ಲಿ ‘ಸ್ನಾನ’ ಎಂದು ಬರೆದು ಅಳಿಸಿದೆ.
‘ಅರವತ್ತು ಜನ’ ಎಂದು ಬರೆದೆ.

ನೇರ ಹೋಗುವವರಲ್ಲಿ ಯಾರಿದ್ದರೋ.
ಡಯಾಲಿಸಿಸ್ಸಿಗೆ ಹೊರಟ ಹೆಂಗಸು ಇದ್ದಿರಬಹುದು.
ಅವರಿಂದ ಕದ್ದೆ. ಚಿಲ್ಲರೆಯಾದರೂ ಕಳ್ಳತನವೇ.
ಮರುದಿನವೂ ಕದ್ದೆ. ಅದರ ಮರುದಿನವೂ.

ತಯ್ಯಿಬ್ ಕರಕ್ ಚಹಾ ಹಿಡಿದು ಬಂದ.
ದಯಾಕರ ಅನ್ನಲು ಬಾರದೆ ನನ್ನನ್ನು ದಾಕಿರ್ ಅನ್ನುತ್ತಾನೆ,
ನೆನೆಯುವವ ಎಂದು ಅರ್ಥವಂತೆ.
"ದಾಕಿರ್, ಮೂವತ್ತೇಳರಲ್ಲಿ ನಿನಗೇನು ಕೆಲಸ?"
ಹೇಳಿದೆ. ಚಹಾದ ಕೆನೆ ಊದಿ ಪಕ್ಕಕ್ಕೆ ಸರಿಸಿದ.
"ಅವಳು ನೋಡುತ್ತಾ ಇರುತ್ತಾಳೆ" ಅಂದ, ಅಷ್ಟೇ.
ಎಚ್ಚರಿಕೆಯೋ, ಏನೋ.

ಮೂರು ವಾರಕ್ಕೆ ಆ ಸಲಹೆ ಬರುವುದು ನಿಂತಿತು.
ಹನ್ನೊಂದು ಸೆಕೆಂಡು ಅವಳೇ ಕೊಡತೊಡಗಿದ್ದಳು, ಕೇಳದೆ.
ಯಾಕೆಂದು ಅವಳಿಗೆ ಗೊತ್ತಿಲ್ಲ. ನಾನು ಹಾಗೆ ಮಾಡುತ್ತೇನೆ, ಅದಕ್ಕೆ.

ಶುಕ್ರವಾರವೂ ಡ್ಯೂಟಿ ಬಿತ್ತು.
ಬಸ್ಸಿಲ್ಲ. ಅವರು ಬಟ್ಟೆ ಒಗೆಯುವ ದಿನ.
ಐದೂ ಮುಕ್ಕಾಲಿಗೆ ಮೂವತ್ತೇಳರಲ್ಲಿ
ಖಾಲಿ ತಿರುವಿಗೆ ಹಸಿರು ಬಾಣ ಹತ್ತಿತು.
ಎದುರಿನ ಕಾರುಗಳು ನಿಂತವು,
ಯಾರಿಗೆ ದಾರಿ ಬಿಟ್ಟಿದ್ದೇವೆಂದು ತಿಳಿಯದೆ.
ಪ್ಲಾಸ್ಟಿಕ್ ಚೀಲವೊಂದು ನಿಧಾನ ತಿರುಗಿ ಹೋಯಿತು,
ಸನಯ್ಯಾದ ಕಡೆಗೆ.

ತಿದ್ದಬೇಕು. ಬೆರಳು ಗುಂಡಿಯ ಮೇಲಿತ್ತು.
ಎಂಟು. ಒಂಬತ್ತು.
ತೆಗೆದೆ.